ನಗು ಯಾರ ಸ್ವತ್ತು?

ಜಪಾನೀ ಚಿತ್ರ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮೂರೇ ಮೂರು. ಉಗುರು ಚಾಚಿ ಎದ್ದು ನಿಂತ ನೀಲಿ ಅಲೆ, ಹಿಮ ಹೊದ್ದ ಫ್ಯೂಜಿ ಬೆಟ್ಟ, ಕತ್ತು ಬಾಗಿಸಿ ನೆಲ ನೋಡುತ್ತಾ ನಿಂತ ಕಿಮೋನೋ ಸುಂದರಿ. ಅನುಕೂಲಸ್ಥರ ಹಜಾರದಲ್ಲಿ, ವೈದ್ಯರ ಕೋಣೆಯ ಗೋಡೆಯ ಮೇಲೆ, ಈಚೆಗೆ ಕೈಚೀಲ, ದಿಂಬಿನ ಕವರು, ಮೊಬೈಲಿನ ಬೆನ್ನಿನ ಮೇಲೂ ಇವು ಬಂದು ಕೂತಿವೆ. ನೋಡಿದವರೆಲ್ಲ ಹೇಳುವ ಮಾತೂ ಒಂದೇ: "ಎಂಥ ಶಾಂತಿ! ಎಂಥ ಧ್ಯಾನ!" ನಾನು ಕೇಳಿದ ಒಂದು ಭಾಷಣದಲ್ಲಿ ಪಂಡಿತರೊಬ್ಬರು ಈ ಮರದಚ್ಚಿನ ಚಿತ್ರಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಮೌನ ಬಂತು, ಶೂನ್ಯ ಬಂತು, ಅನಿತ್ಯತೆ ಬಂತು. 'ನಗು' ಎಂಬ ಶಬ್ದ ಮಾತ್ರ ಒಂದು ಸಲವೂ ಅವರ ಬಾಯಿಂದ ಬರಲಿಲ್ಲ.

ಇದು ಅನ್ಯಾಯ ಎಂದು ನನ್ನ ವಾದ. ಬರೀ ಕಲಾವಿದರಿಗೆ ಆದ ಅನ್ಯಾಯವಲ್ಲ, ನೋಡುವ ನಮಗೂ ಆದ ಅನ್ಯಾಯ. ಯಾಕೆಂದರೆ ಈ ಚಿತ್ರಗಳಲ್ಲಿ ಅರ್ಧಕ್ಕರ್ಧ ನಗುವುದಕ್ಕಾಗಿಯೇ ಹುಟ್ಟಿದವು. ಅವುಗಳಿಂದ ನಗುವನ್ನು ಹೆಕ್ಕಿ ಹೊರಗೆಸೆದು, ಉಳಿದದ್ದಕ್ಕೆ ಚೌಕಟ್ಟು ಹಾಕಿ ತೂಗುಹಾಕಿದ್ದೇವೆ. ಯಾಕೆ ಹಾಗೆ ಮಾಡಿದೆವು? ಎರಡು ಕಾರಣ ನನಗೆ ಕಾಣುತ್ತದೆ. ನಗಿಸುವಂಥದ್ದು ಹಗುರ, ಅಳಿಸುವಂಥದ್ದು ಘನ ಎಂಬ ನಂಬಿಕೆ ಒಂದು. ನಗು ಬಂದಲ್ಲಿ ಮರ್ಯಾದೆ ಹೋಗುತ್ತದೆ ಎಂಬ ಭಯ ಇನ್ನೊಂದು. ಹೆಂಗಸರಾದ ನಮಗೆ ಈ ಎರಡೂ ಹೊಸತಲ್ಲ. 'ನಗೋ ಹೆಂಗಸು, ಅಳೋ ಗಂಡಸು, ಇಬ್ಬರನ್ನೂ ನಂಬಬಾರದು' ಎಂಬ ಗಾದೆಯನ್ನು ಕೇಳಿಸಿಕೊಂಡೇ ಬೆಳೆದವರು ನಾವು. ಹಲ್ಲು ಕಂಡರೆ ತಪ್ಪು, ದನಿ ಕೇಳಿಸಿದರೆ ತಪ್ಪು, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರೆ ಪರವಾಗಿಲ್ಲ. ಆದ್ದರಿಂದ ಜಪಾನಿನ ಹಳೆಯ ಚಿತ್ರಗಳ ನಗುವಿನ ಮಾತು ಆ ದೇಶದ ಸುದ್ದಿಯಾದರೂ ನಮಗೆ ದೂರದ್ದಲ್ಲ.

ಮೊದಲು ಹೆಸರನ್ನೇ ನೋಡಿ. ಈ ಚಿತ್ರಗಳಿಗೆ ಅಲ್ಲಿನವರು ಕೊಟ್ಟ ಹೆಸರು 'ಉಕಿಯೊ-ಎ'. 'ಎ' ಎಂದರೆ ಚಿತ್ರ. 'ಉಕಿಯೊ' ಎಂಬುದು ಬೌದ್ಧರ ಮಾತು. ದುಃಖದಿಂದ ತುಂಬಿದ ಈ ಸಂಸಾರ ಎಂದು ಅದರ ಅರ್ಥ. ಊರಿನ ವಿನೋದಿಗಳು ಅದೇ ಉಚ್ಚಾರವನ್ನು ಇಟ್ಟುಕೊಂಡು ಬರೆಯುವ ಅಕ್ಷರವನ್ನು ಬದಲಿಸಿಬಿಟ್ಟರು. ಆಗ ಅದು 'ತೇಲುವ ಲೋಕ' ಆಯಿತು. ನಾಟಕ, ತಿರುಗಾಟ, ಹೂವು, ಹಬ್ಬ, ಉಡುಗೆ-ತೊಡುಗೆಗಳ ಲೋಕ. ಅಂದರೆ ಈ ಕಲೆಯ ಹೆಸರೇ ಒಂದು ಶ್ಲೇಷೆ, ಸನ್ಯಾಸಿಗಳ ಮೇಲೆ ಸಂಸಾರಸ್ಥರು ಮಾಡಿದ ತಮಾಷೆ. ಹೆಸರಿನಲ್ಲೇ ನಗು ಇರುವ ಕಲೆಗೆ ನಾವು ಸನ್ಯಾಸ ಕೊಡಿಸಿದ್ದೇವೆ!

ಇವು ಅರಮನೆಯ ಸರಕೂ ಅಲ್ಲ, ಮಠದ ಸರಕೂ ಅಲ್ಲ. ಇಂದು ಟೋಕಿಯೊ ಎನ್ನುವ ಊರು ಆಗ ಎದೊ. ಅಲ್ಲಿ ಒಬ್ಬ ಚಿತ್ರ ಬರೆಯುತ್ತಿದ್ದ, ಇನ್ನೊಬ್ಬ ಅದನ್ನು ಚೆರ್ರಿ ಮರದ ಹಲಗೆಯಲ್ಲಿ ಕೆತ್ತುತ್ತಿದ್ದ, ಮತ್ತೊಬ್ಬ ಬಣ್ಣ ಹಚ್ಚಿ ಕಾಗದ ಒತ್ತುತ್ತಿದ್ದ. ಇವರೆಲ್ಲರ ಹಿಂದೆ ದುಡ್ಡು ಹಾಕಿದ ಪ್ರಕಾಶಕ ಇರುತ್ತಿದ್ದ. ಒಂದು ಹಾಳೆಯ ಬೆಲೆ ಸುಮಾರಾಗಿ ಒಂದೆರಡು ಬಟ್ಟಲು ಶಾವಿಗೆಯಷ್ಟು. ಅಂಗಡಿಯ ಮುಂದೆ ತೂಗುಬಿಟ್ಟಿದ್ದನ್ನು ಬಡಗಿ, ಮೀನು ಮಾರುವವನು, ಮನೆಗೆಲಸದವಳು ನಿಂತು ನೋಡಿ, ನಕ್ಕು, ಕೊಂಡು ಹೋಗುತ್ತಿದ್ದರು. ಈಗ ಆ ನೀಲಿ ಅಲೆ 2024ರಿಂದ ಜಪಾನಿನ ಸಾವಿರ ಯೆನ್ ನೋಟಿನ ಬೆನ್ನಿಗೇರಿದೆ. ಸರ್ಕಾರದ ಮುದ್ರೆ ಬಿದ್ದ ಮೇಲೆ ಯಾರು ತಾನೇ ನಗುತ್ತಾರೆ? ಆದರೆ ಆ ಅಲೆಯನ್ನು ಬರೆದ ಹೊಕುಸಾಯಿ, ಅದೇ ಫ್ಯೂಜಿ ಮಾಲೆಯಲ್ಲಿ ಎಜಿರಿ ಎಂಬ ಊರಿನ ಚಿತ್ರವನ್ನೂ ಬರೆದಿದ್ದಾನೆ. ಅಲ್ಲಿ ಗಾಳಿ ಬೀಸುತ್ತಿದೆ. ಒಬ್ಬ ಹೆಂಗಸಿನ ಎದೆಯ ಮಡಿಕೆಯಲ್ಲಿದ್ದ ಕಾಗದಗಳು ಒಂದೊಂದಾಗಿ ಹಾರಿಹೋಗುತ್ತಿವೆ, ಅವಳ ಮುಖ ಅವಳದೇ ಬಟ್ಟೆಯಲ್ಲಿ ಸುತ್ತಿಕೊಂಡಿದೆ, ಒಬ್ಬನ ಟೋಪಿ ಆಕಾಶಕ್ಕೆ ಏರಿದೆ, ಉಳಿದವರು ತಲೆ ಹಿಡಿದುಕೊಂಡು ಬಗ್ಗಿದ್ದಾರೆ. ಪವಿತ್ರವಾದ ಫ್ಯೂಜಿ ಬೆಟ್ಟ ಹಿಂದೆ ಒಂದೇ ಒಂದು ಗೆರೆಯಾಗಿ ತಟಸ್ಥವಾಗಿ ನಿಂತಿದೆ. ಬಟ್ಟೆ ಒಣಹಾಕಿ ಬಂದ ದಿನವೇ ಬಿರುಗಾಳಿ ಎದ್ದದ್ದನ್ನು ಕಂಡ ಯಾವ ಗೃಹಿಣಿಗೂ ಈ ಚಿತ್ರಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. ಆದರೆ ಕ್ಯಾಲೆಂಡರಿಗೆ ಆಯ್ಕೆಯಾಗುವುದು ಯಾವಾಗಲೂ ಅಲೆಯೇ.

ನನಗೆ ಬಹಳ ಪ್ರಿಯವಾದ ತಮಾಷೆ ಹರುನೊಬುವಿನದು. 1765ರಲ್ಲಿ ಬಹುವರ್ಣದ ಅಚ್ಚು ಶುರುವಾದಾಗ ಮುಂಚೂಣಿಯಲ್ಲಿದ್ದವನು ಅವನು. ಚೀನಾದಲ್ಲಿ ಶಿಯಾವೊ ಮತ್ತು ಶಿಯಾಂಗ್ ನದಿಗಳ 'ಎಂಟು ನೋಟ'ಗಳು ಎಂಬ ಮಹಾ ಗಂಭೀರವಾದ ಚಿತ್ರ ಸಂಪ್ರದಾಯವಿತ್ತು. ದೂರದಿಂದ ಮರಳುವ ಹಾಯಿದೋಣಿ, ಮರಳದಂಡೆಗೆ ಇಳಿಯುವ ಬಾತುಗಳು, ಇರುಳ ಮಳೆ, ಸಂಜೆಯ ಹಿಮ, ಶರತ್ಕಾಲದ ಚಂದ್ರ, ಮಠದ ಸಂಜೆ ಗಂಟೆ, ಹೀಗೆ. ಕವಿಗಳು, ವಿದ್ವಾಂಸರು ಇವುಗಳ ಮುಂದೆ ನಿಟ್ಟುಸಿರು ಬಿಡುತ್ತಿದ್ದರು. ಹರುನೊಬು 1766ರ ಸುಮಾರಿಗೆ ಈ ಎಂಟನ್ನೂ ತಂದು ಮನೆಯ ಒಳಗೆ ಹೆಂಗಸರ ನಡುವೆ ಇಟ್ಟ. ಹಾಯಿದೋಣಿ ಎಲ್ಲಿ? ಟವೆಲು ಕಟ್ಟಿದ ಗೂಟದಲ್ಲಿ, ಗಾಳಿಗೆ ಉಬ್ಬಿದ ಟವೆಲೇ ಹಾಯಿ. ಬಾತುಗಳ ಸಾಲು ಎಲ್ಲಿ? ಕೊಟೊ ವಾದ್ಯದ ಕುದುರೆಗಳ ಸಾಲಿನಲ್ಲಿ. ಇರುಳ ಮಳೆ? ಒಲೆಯ ಮೇಲೆ ಕುದಿಯುವ ಕೆಟಲಿನ ಸದ್ದು. ಸಂಜೆಯ ಹಿಮ? ಅಚ್ಚಿನ ಮೇಲೆ ಹರವಿದ ರೇಷ್ಮೆಯ ಅರಳೆ. ಶರತ್ಕಾಲದ ಚಂದ್ರ? ತಲೆ ಬಾಚುವವಳ ಮುಂದಿನ ದುಂಡು ಕನ್ನಡಿ. ಮಠದ ಗಂಟೆ? ಗಡಿಯಾರ!

ಇದು ಬರೀ ಚಮತ್ಕಾರ ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗಂಡಸರು ನದಿ-ಬೆಟ್ಟ ಸುತ್ತಿ ಕಂಡುಕೊಂಡ ಸೌಂದರ್ಯ, ಹೊಸಿಲು ದಾಟದವಳ ಟವೆಲಿನಲ್ಲೂ ಕೆಟಲಿನಲ್ಲೂ ಇದೆ ಎಂದು ಹೇಳುವುದು ಸಣ್ಣ ಮಾತೇ? ಹರುನೊಬು ಸ್ತ್ರೀಪರ ಚಳವಳಿ ಮಾಡಲಿಲ್ಲ, ನಿಜ. ಸಾಮುರಾಯ್ ವರ್ಗದ ರಸಿಕರ ಕೂಟಕ್ಕಾಗಿ ಅವನು ಈ ಆಟ ಆಡಿದ. ಆದರೂ ನಗುವಿಗೆ ಒಂದು ಗುಣವಿದೆ. ಆಡಿದವನ ಉದ್ದೇಶವನ್ನು ದಾಟಿ ಅದು ಮುಂದೆ ಹೋಗಿಬಿಡುತ್ತದೆ.

ದರುಮನ ಕತೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ದರುಮ ಎಂದರೆ ನಮ್ಮ ಬೋಧಿಧರ್ಮ. ಕಂಚಿಯ ರಾಜಕುಮಾರ, ಚೀನಾಕ್ಕೆ ಹೋಗಿ ಒಂಬತ್ತು ವರ್ಷ ಗೋಡೆಗೆ ಮುಖ ಮಾಡಿ ತಪಸ್ಸು ಮಾಡಿದ ಎಂಬುದು ಐತಿಹ್ಯ. ಎದೊ ನಗರದಲ್ಲಿ ಯೋಶಿವಾರ ಎಂಬ ಸೂಳೆಗೇರಿ ಇತ್ತು. ಸುತ್ತ ಕಂದಕ, ಒಂದೇ ಮಹಾದ್ವಾರ. ಬಡ ತಂದೆ-ತಾಯಿ ಸಾಲಕ್ಕೆ ಮಾರಿದ ಹುಡುಗಿಯರು ಅಲ್ಲಿ ಸಾಮಾನ್ಯವಾಗಿ ಹತ್ತು ವರ್ಷದ ಕರಾರಿಗೆ ಸೇರುತ್ತಿದ್ದರು. ಬೀದಿಗೆ ಮುಖ ಮಾಡಿ ಕಟಕಟೆಯ ಹಿಂದೆ ಕೂರಬೇಕು. ಅಲ್ಲಿನ ಒಬ್ಬಳು ದರುಮನ ಕತೆ ಕೇಳಿ ಹೇಳಿದಳಂತೆ: ಅವನು ಕೂತದ್ದು ಒಂಬತ್ತೇ ವರ್ಷ, ನಾವು ಕೂರುವುದು ಹತ್ತು, ಹಾಗಾದರೆ ಜ್ಞಾನದಲ್ಲಿ ಯಾರು ಹೆಚ್ಚು? ಈ ಮಾತು ಊರೆಲ್ಲ ಹಬ್ಬಿತು. ಹನಾಬುಸ ಇಚ್ಚೊ ಎಂಬ ಚಿತ್ರಕಾರ 'ಹೆಣ್ಣು ದರುಮ'ನನ್ನು ಬರೆದ. ಮುಂದೆ ಹರುನೊಬುವಿನ ಅಚ್ಚಿನಲ್ಲಿ ಎಳೆಯ ಹುಡುಗಿಯೊಬ್ಬಳು ದರುಮನ ಹಾಗೆಯೇ ಒಂದು ಜೊಂಡಿನ ಮೇಲೆ ನಿಂತು ನೀರು ದಾಟಿದಳು. ನೋಡಿದವರೆಲ್ಲ ನಕ್ಕರು. ನನಗೂ ನಗು ಬರುತ್ತದೆ, ಆದರೆ ಆ ಲೆಕ್ಕದಲ್ಲಿರುವ ಹತ್ತು ವರ್ಷ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಾರಾಟವಾದ ಹೆಣ್ಣೊಬ್ಬಳು ಒಂದೇ ಮಾತಿನಲ್ಲಿ ಧರ್ಮಗುರುವನ್ನೂ ಅಳೆದಳು, ತನ್ನ ಸೆರೆಯನ್ನೂ ಅಳೆದಳು. ಇದಕ್ಕಿಂತ ಗಂಭೀರವಾದದ್ದು ಯಾವ ಧ್ಯಾನದಲ್ಲಿದೆ, ಹೇಳಿ?

ನಗು ಮೇಲಕ್ಕೆ ಹರಿಯಬಹುದು, ಕೆಳಕ್ಕೂ ಹರಿಯಬಹುದು. ಮೇಲಕ್ಕೆ ಹರಿದ ನಗುವಿಗೆ ಬೆಲೆ ತೆರಬೇಕಾಗುತ್ತದೆ. ಹೊಕುಸಾಯಿಯ 'ಮಂಗಾ' ಎಂಬ ಚಿತ್ರಪುಸ್ತಕಗಳು 1814ರಿಂದ ಬರತೊಡಗಿ ಒಟ್ಟು ಹದಿನೈದು ಸಂಪುಟವಾದವು. 1834ರ ಹನ್ನೆರಡನೆಯ ಸಂಪುಟದಲ್ಲಿ ಒಬ್ಬ ಸಾಮುರಾಯ್ ಕಕ್ಕಸಿನಲ್ಲಿ ಕೂತಿದ್ದಾನೆ, ಹೊರಗೆ ಕಾದು ನಿಂತ ಅವನ ಆಳುಗಳು ಮೂಗು ಮುಚ್ಚಿಕೊಂಡಿದ್ದಾರೆ. ಸಮಾಜದ ತುತ್ತತುದಿಯಲ್ಲಿದ್ದ, ಸೊಂಟಕ್ಕೆ ಎರಡು ಕತ್ತಿ ಕಟ್ಟಿದ ಜಾತಿ ಅದು. ಕತ್ತಿ ಎರಡಿದ್ದರೇನು, ವಾಸನೆ ಎಲ್ಲರದೂ ಒಂದೇ ಎಂಬ ಈ ಮಾತನ್ನು ಯಾವ ತತ್ವಜ್ಞಾನಿ ಇಷ್ಟು ಚಿಕ್ಕದಾಗಿ ಹೇಳಿಯಾನು?

ಉತಾಮಾರೊ ಹೆಣ್ಣಿನ ಮುಖ ಬರೆಯುವುದರಲ್ಲಿ ಎತ್ತಿದ ಕೈ. ಹಿಂದಿನ ಕಾಲದ ದೊರೆ ಹಿದೆಯೋಶಿಯ ವಿಲಾಸವನ್ನು ಚಿತ್ರದಲ್ಲಿ ತಂದದ್ದಕ್ಕೆ 1804ರಲ್ಲಿ ಅವನ ಕೈಗೆ 50 ದಿನ ಬೇಡಿ ಬಿತ್ತು. ಎರಡು ವರ್ಷಕ್ಕೆ ಅವನು ತೀರಿಕೊಂಡ. ಅಲ್ಲಿಗೆ ನಗುವ ಕೈ ನಿಂತಿತೆ? ಇಲ್ಲ. 1841ರಲ್ಲಿ ಮಂತ್ರಿ ಮಿಜುನೊ ತದಾಕುನಿ ಸುಧಾರಣೆಯ ಹೆಸರಿನಲ್ಲಿ ಊರಿನ ಸಂತೋಷಕ್ಕೆಲ್ಲ ಬೀಗ ಹಾಕಲು ಹೊರಟ. ಮೊದಲು ಕಣ್ಣು ಬಿದ್ದದ್ದು ಯಾರ ಮೇಲೆ ಎಂದು ಬೇರೆ ಹೇಳಬೇಕೆ? ಹೆಂಗಸರ ಬೆಲೆಬಾಳುವ ಬಾಚಣಿಗೆ, ಉಡುಗೆಗಳ ಮೇಲೆ. ಹೆಂಗಸರ ತಲೆ ಕಟ್ಟಿ ಹೊಟ್ಟೆ ಹೊರೆಯುತ್ತಿದ್ದ ಹೆಂಗಸರ ಕಸುಬಿಗೂ ನಿಷೇಧ ಬಂತು. 1842ರಲ್ಲಿ ನಟರ, ಗಣಿಕೆಯರ ಚಿತ್ರ ಅಚ್ಚು ಹಾಕಕೂಡದು ಎಂದಾಯಿತು. ಬಣ್ಣ ಇಷ್ಟೇ, ಬೆಲೆ ಇಷ್ಟೇ ಎಂದೂ ಅಪ್ಪಣೆಯಾಯಿತು.

ಆಗ ಕುನಿಯೋಶಿ ಎಂಬ ಚಿತ್ರಕಾರ ಏನು ಮಾಡಿದ ಗೊತ್ತೆ? ಗಣಿಕೆಯರ ಬದಲು ಗುಬ್ಬಚ್ಚಿಗಳಿಗೆ ಸೀರೆ ಉಡಿಸುವ ಹಾಗೆ ಕಿಮೋನೋ ಉಡಿಸಿ ಯೋಶಿವಾರದಲ್ಲಿ ಕೂರಿಸಿದ. ನಟರ ಮುಖವನ್ನು ಉಗ್ರಾಣದ ಗೋಡೆಯ ಮೇಲೆ ಯಾರೋ ಪೋಕರಿ ಮೊಳೆಯಿಂದ ಗೀಚಿದಂತೆ ಬರೆದ. ಇದು ಚಿತ್ರವಲ್ಲ ಸ್ವಾಮೀ, ಗೋಡೆಯ ಗೀಚು! ಬೆಕ್ಕೆಂದರೆ ಅವನಿಗೆ ಪ್ರಾಣ. ಬೆಕ್ಕುಗಳನ್ನೇ ಒಂದರ ಮೇಲೊಂದು ಹೊರಳಾಡಿಸಿ, ಆ ಮೈಗಳಿಂದಲೇ ಮೀನುಗಳ ಹೆಸರಿನ ಅಕ್ಷರ ಮೂಡಿಸಿದ. 1843ರಲ್ಲಿ ಮಾತ್ರ ಅವನ ತಮಾಷೆ ಅರಮನೆಯ ಗೋಡೆಯನ್ನೇ ತಟ್ಟಿತು. ಕಾಯಿಲೆ ಬಿದ್ದು ಮಲಗಿದ ಪುರಾಣದ ವೀರ ಯೋರಿಮಿತ್ಸು, ಅವನ ಸುತ್ತ ಕಾವಲಿನ ಸರದಾರರು, ಮೇಲೆ ಕತ್ತಲಲ್ಲಿ ದಂಡೆತ್ತಿ ಬಂದ ನೂರೆಂಟು ದೆವ್ವಗಳು. ಊರವರು ನೋಡಿದರು, ಕಣ್ಣು ಮಿಟುಕಿಸಿದರು. ಮಲಗಿದವನು ಈಗಿನ ಶೋಗನ್, ಆ ಸರದಾರನ ಬಟ್ಟೆಯ ಲಾಂಛನ ಮಂತ್ರಿ ಮಿಜುನೊನದು, ದೆವ್ವಗಳೆಲ್ಲ ಅವನ ಕಾಯಿದೆಗಳಿಂದ ಕೆಲಸ ಕಳೆದುಕೊಂಡವರು! ಹೆದರಿದ ಪ್ರಕಾಶಕ ಹಾಳೆಗಳನ್ನು ಹಿಂದಕ್ಕೆ ತೆಗೆದುಕೊಂಡು ಅಚ್ಚಿನ ಹಲಗೆಗಳನ್ನೇ ನಾಶಮಾಡಿದ. ನಗು ಹಗುರವಾಗಿದ್ದರೆ ಅದಕ್ಕೆ ಇಷ್ಟು ಹೆದರಬೇಕಿತ್ತೆ? 

ಹಾಗೆಂದು ಈ ಚಿತ್ರಗಳ ನಗುವೆಲ್ಲ ಒಳ್ಳೆಯದೇ ಎಂದು ಆರತಿ ಎತ್ತಲು ನಾನು ಬಂದಿಲ್ಲ. ಕೆಳಕ್ಕೆ ಹರಿದ ನಗುವೂ ಇಲ್ಲಿ ಧಾರಾಳವಾಗಿದೆ. ಹಿರೋಶಿಗೆಯ ತೊಕೈದೊ ಹೆದ್ದಾರಿಯ ಮಾಲೆಯಲ್ಲಿ ಗೊಯು ಎಂಬ ಊರಿನ ಚಿತ್ರ ಬಹಳ ಪ್ರಸಿದ್ಧ. ಸಂಜೆಯಾಗಿದೆ, ಛತ್ರದ ದಪ್ಪ ಹೆಂಗಸರು ದಾರಿಹೋಕರನ್ನು ಹಿಡಿದೆಳೆಯುತ್ತಿದ್ದಾರೆ. ಕುತ್ತಿಗೆಗೆ ಕಟ್ಟಿದ ಗಂಟನ್ನೇ ಹಿಡಿದೆಳೆದದ್ದರಿಂದ ಒಬ್ಬನಿಗೆ ಉಸಿರು ಕಟ್ಟಿದೆ. ಛತ್ರದ ಒಳಗಿನ ಫಲಕಗಳಲ್ಲಿ ಹಿರೋಶಿಗೆಯ, ಕೆತ್ತಿದವನ, ಅಚ್ಚು ಒತ್ತಿದವನ ಹೆಸರುಗಳು, ಪ್ರಕಾಶಕನ ಜಾಹೀರಾತು. ಗಂಡಸರು ನಾಲ್ವರೂ ತಮ್ಮ ಹೆಸರನ್ನು ಚಿತ್ರದೊಳಗೆ ಸೇರಿಸಿಕೊಂಡು ನಕ್ಕಿದ್ದಾರೆ. ಎಳೆಯುತ್ತಿರುವ ಹೆಂಗಸರಿಗೆ ಹೆಸರಿಲ್ಲ. ಅಂಥ ಛತ್ರಗಳಲ್ಲಿ ಊಟ ಬಡಿಸುವ ನೆಪದಲ್ಲಿ ಮೈ ಮಾರಬೇಕಾಗಿದ್ದವರು ಅವರು, ಬಹುಪಾಲು ಅವರೂ ಸಾಲಕ್ಕೆ ಬಂದವರೇ. ಗಿರಾಕಿ ಸಿಕ್ಕದಿದ್ದರೆ ಯಜಮಾನನಿಗೆ ಉತ್ತರ ಹೇಳಬೇಕು. ಅವರ ಆ ತೋಳಿನ ಬಲದಲ್ಲಿ ಇರುವುದು ಹೊಟ್ಟೆಪಾಡು. ನೋಡುವವರಿಗೆ ಅದು ವಿನೋದ.

ಉತಾಮಾರೊ ಕೂಡ ಇದಕ್ಕೆ ಹೊರತಲ್ಲ. 1802ರ ಸುಮಾರಿಗೆ ಅವನು 'ತಂದೆ-ತಾಯಿಯ ಬುದ್ಧಿವಾದದ ಕನ್ನಡಕ' ಎಂಬರ್ಥದ ಮಾಲೆ ಬರೆದ. ದಾರಿ ತಪ್ಪಿದ ಹುಡುಗಿಯರ ಪಟ್ಟಿ ಅದು. ಅದರಲ್ಲೊಬ್ಬಳು ಒಂದು ಕೈಯಲ್ಲಿ ಏಡಿ ಹಿಡಿದು ಗಾಜಿನ ಲೋಟದಿಂದ ಗಟಗಟ ಕುಡಿಯುತ್ತಿದ್ದಾಳೆ. ಪಕ್ಕದ ಬರಹ ಅವಳನ್ನು ಗದರಿಸುತ್ತದೆ, ಚಿತ್ರ ಮಾತ್ರ ಅವಳನ್ನು ಕಣ್ತುಂಬ ನೋಡುತ್ತದೆ. ಹೆಣ್ಣನ್ನು ನೋಡುವ ಸುಖವೂ ಬೇಕು, ಗದರಿಸಿದ ಪುಣ್ಯವೂ ಬೇಕು! ಈ ಕನ್ನಡಕ ಜಪಾನಿನಲ್ಲಿ ಮಾತ್ರ ತಯಾರಾದದ್ದು ಎಂದು ನೀವು ಭಾವಿಸಿದ್ದರೆ ಒಂದು ಸಂಜೆ ಟಿ.ವಿ. ಮುಂದೆ ಕೂತು ನೋಡಿ.

ಇಂಥದ್ದನ್ನು ಎತ್ತಿ ಆಡಿದರೆ ಸಿದ್ಧ ಉತ್ತರವೊಂದು ಬರುತ್ತದೆ. "ತಮಾಷೆಗೆ ಮಾಡಿದ್ದಲ್ಲವೆ? ನಿಮಗೆ ಹಾಸ್ಯಪ್ರಜ್ಞೆಯೇ ಇಲ್ಲ." ಈ ಮಾತಿನ ಜಾಣತನ ನೋಡಿ. ನಾವು ನಕ್ಕರೆ ಹಗುರದವರು, ನಗದಿದ್ದರೆ ಹಾಸ್ಯಪ್ರಜ್ಞೆ ಇಲ್ಲದವರು. ಯಾವಾಗ ನಗಬೇಕು, ಯಾವುದಕ್ಕೆ ನಗಬೇಕು ಎಂಬ ಪಟ್ಟಿ ಇನ್ನೊಬ್ಬರ ಕೈಯಲ್ಲಿದೆ. ನನ್ನ ಅಳತೆಗೋಲು ಸರಳ. ಆ ನಗುವಿಗೆ ದಂಡ ಕಟ್ಟುವವರು ಯಾರು? ಕುನಿಯೋಶಿ ಮಂತ್ರಿಯನ್ನು ನಗೆಗೀಡುಮಾಡಿದಾಗ ಅಪಾಯ ಇದ್ದದ್ದು ಕುನಿಯೋಶಿಗೆ. ಗೊಯುವಿನ ಹೆಂಗಸನ್ನು ನೋಡಿ ನಕ್ಕಾಗ ನಕ್ಕವನಿಗೆ ಯಾವ ಅಪಾಯವೂ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ 'ಹಾಸ್ಯ' ಎಂದು ಚೀಟಿ ಅಂಟಿಸಲು ನಾನು ಸಿದ್ಧಳಿಲ್ಲ. ಹಾಗೆಂದು ಎರಡನೆಯದನ್ನು ಸುಟ್ಟುಬಿಡಿ ಎನ್ನುವವಳೂ ನಾನಲ್ಲ. ನೋಡಬೇಕು, ನೋಡಿ ಆ ಹೆಂಗಸಿನ ಕಡೆ ನಿಲ್ಲಬೇಕು, ಅಷ್ಟೆ.

ಸಾವು-ನೋವಿನ ಹೊತ್ತಿನಲ್ಲಿ ನಗುವುದು ಸಲ್ಲ ಎಂಬುದು ಇನ್ನೊಂದು ಆಕ್ಷೇಪ. 1855ರ ನವೆಂಬರಿನಲ್ಲಿ ಎದೊ ನಗರಕ್ಕೆ ಭಾರೀ ಭೂಕಂಪ ಬಡಿಯಿತು. ಸಾವಿರಾರು ಜನ ಸತ್ತರು. ಯೋಶಿವಾರದಲ್ಲಿ ಸುಟ್ಟುಹೋದ ಹೆಂಗಸರೇ ನೂರಾರು. ಇದಾದ ಕೆಲವೇ ದಿನಗಳಲ್ಲಿ, ಸರ್ಕಾರದ ಅನುಮತಿಯ ಮುದ್ರೆಯೂ ಇಲ್ಲದೆ, ಬೀದಿಗೆ ನಗೆಚಿತ್ರಗಳು ಬಂದವು! ಭೂಮಿಯಡಿ ಇರುವ ದೈತ್ಯ ಮೀನೊಂದು ಅಲುಗಾಡಿದರೆ ಭೂಕಂಪ, ಕಶಿಮ ದೇವರು ಬಂಡೆ ಹೇರಿ ಅದನ್ನು ಅದುಮಿರುತ್ತಾನೆ ಎಂಬುದು ಅಲ್ಲಿನ ನಂಬಿಕೆ. ಆ ತಿಂಗಳು ದೇವರುಗಳೆಲ್ಲ ಇಜುಮೊ ಕ್ಷೇತ್ರಕ್ಕೆ ಹೋಗುವ ಕಾಲ. ಎಬಿಸು ದೇವರು ಉಸ್ತುವಾರಿಗೆ ಉಳಿದು ತೂಕಡಿಸಿಬಿಟ್ಟ! ಸಾಹೇಬರು ರಜೆಯಲ್ಲಿ, ಇನ್‌ಚಾರ್ಜ್ ನಿದ್ದೆಯಲ್ಲಿ. ಒಂದು ಚಿತ್ರದಲ್ಲಿ ಯೋಶಿವಾರದ ಹೆಂಗಸರೆಲ್ಲ ಸೇರಿ ಆ ಮೀನನ್ನು ಚೆನ್ನಾಗಿ ಬಡಿಯುತ್ತಿದ್ದಾರೆ. ಮೂಲೆಯಲ್ಲಿ ಬಡಗಿ, ಗಾರೆಯವರು ಮೊದಲಾದವರು "ಬಿಡಿ, ಬಿಡಿ" ಎಂಬಂತೆ ಮೀನಿನ ರಕ್ಷಣೆಗೆ ಓಡಿ ಬರುತ್ತಿದ್ದಾರೆ. ಯಾಕೆ? ಊರು ಬಿದ್ದರೆ ತಾನೇ ಅವರಿಗೆ ಕೆಲಸ! ಯಾರ ಮನೆ ಬಿತ್ತು, ಯಾರ ಜೇಬು ತುಂಬಿತು ಎಂದು ಯಾವ ಸರ್ಕಾರಿ ವರದಿ ಇಷ್ಟು ನೇರವಾಗಿ ಬರೆದೀತು? ಸತ್ತವರನ್ನು ಅವಮಾನಿಸಿದ ನಗುವಲ್ಲ ಇದು. ಬದುಕಿ ಉಳಿದವರು ಮತ್ತೆ ಉಸಿರಾಡಲು ಕಲಿತ ಬಗೆ. ಸುಮಾರು ಎರಡು ತಿಂಗಳಲ್ಲಿ ಅಧಿಕಾರಿಗಳು ಇದನ್ನೂ ನಿಲ್ಲಿಸಿದರು.

ಕೊನೆಗೆ ಇನ್ನೊಂದು ತಮಾಷೆ. 1803ರ ಸುಮಾರಿಗೆ ಉತಾಮಾರೊ, ಈ ಬಣ್ಣದ ಚಿತ್ರಗಳು ತಯಾರಾಗುವ ಬಗೆಯನ್ನೇ ಚಿತ್ರಿಸಿದ. ಅದರಲ್ಲಿ ಹಲಗೆ ಕೆತ್ತುವವರು, ಉಳಿ ಮಸೆಯುವವರು, ಕಾಗದ ಸಿದ್ಧಪಡಿಸುವವರು ಎಲ್ಲರೂ ಹೆಂಗಸರು! ಕುನಿಸಾದ ಎಂಬವನು 1857ರಲ್ಲಿ ಇಂಥದೇ ಇನ್ನೊಂದು ಬರೆದ. ನಿಜದಲ್ಲಿ ಆ ಅಚ್ಚುಮನೆಗಳು ಗಂಡಸರವು. ಹೆಂಗಸರು ಉಳಿ ಹಿಡಿದರೆ ಹೇಗಿದ್ದೀತು ಎಂಬುದೇ ಅಲ್ಲಿನ ನಗೆ. ಇಂದು ನಾನು ನೋಡಿದರೆ ನಗಬೇಕಾದ ಜಾಗವೇ ಕಾಣುವುದಿಲ್ಲ. ಕೆಲಸದಲ್ಲಿ ಮುಳುಗಿದ, ತೋಳು ಮೇಲಕ್ಕೆ ಕಟ್ಟಿದ ಹೆಂಗಸರು ಕಾಣುತ್ತಾರೆ. ಇನ್ನೂರು ವರ್ಷದಲ್ಲಿ ತಮಾಷೆ ಆವಿಯಾಗಿ, ಸಂಗತಿ ಉಳಿದುಬಿಟ್ಟಿದೆ.

ಅಂಥ ಕೆಲಸಗಾರ್ತಿ ಒಬ್ಬಳು ನಿಜವಾಗಿಯೂ ಇದ್ದಳು. ಹೊಕುಸಾಯಿಯ ಮಗಳು. ಅವಳ ಕಲಾನಾಮ ಓಯಿ. ಅಪ್ಪ "ಓಯ್" ಎಂದು ಕೂಗುತ್ತಿದ್ದದ್ದರಿಂದಲೇ ಆ ಹೆಸರು ಬಂತು ಎನ್ನುತ್ತಾರೆ. ನಮ್ಮ ಎಷ್ಟು ಮನೆಗಳಲ್ಲಿ ಹೆಂಗಸರಿಗೆ ಇವತ್ತಿಗೂ ಇದೇ ಹೆಸರು! ಇವಳು ಆ ಕೂಗನ್ನೇ ಎತ್ತಿಕೊಂಡು ತನ್ನ ಸಹಿ ಮಾಡಿಕೊಂಡಳು. ಹೆಣ್ಣಿನ ಚಿತ್ರದಲ್ಲಿ ಅವಳಿಗೆ ತಾನು ಸಮನಲ್ಲ ಎಂದು ಅಪ್ಪನೇ ಒಪ್ಪಿದ್ದನಂತೆ. ಚಿತ್ರಕಾರನೊಬ್ಬನನ್ನು ಮದುವೆಯಾದಳು. ಗಂಡನ ಚಿತ್ರ ಸೊಟ್ಟಗಿದ್ದರೆ ಬೆರಳಿಟ್ಟು ತೋರಿಸಿ ನಗುತ್ತಿದ್ದಳು; ಮದುವೆ ಮುರಿಯಿತು ಎಂದು ಕತೆ. ತವರಿಗೆ ಬಂದು, 1849ರಲ್ಲಿ ಅಪ್ಪ ಸಾಯುವವರೆಗೆ ಅವನ ಜೊತೆಯಲ್ಲೇ ಕೂತು ಚಿತ್ರ ಬರೆದಳು. ಅವಳ ಹೆಸರಿರುವ ಚಿತ್ರಗಳು ಇಂದು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಅವಳ ಬಗ್ಗೆ ಹೇಳುವವರು ಸಾಮಾನ್ಯವಾಗಿ 'ಪಾಪ' ಎಂದು ಶುರುಮಾಡುತ್ತಾರೆ. ನನಗೆ ಪಾಪ ಅನ್ನಿಸುವುದಿಲ್ಲ. ಸೊಟ್ಟ ಗೆರೆಯನ್ನು ಸೊಟ್ಟ ಎಂದು ನಕ್ಕವಳು ಅವಳು. ಆ ಗೆರೆ ಗಂಡನದಾಗಿತ್ತು ಎಂಬುದು ಗೆರೆಯ ತಪ್ಪನ್ನು ನೇರ ಮಾಡುವುದಿಲ್ಲ.

ಆದ್ದರಿಂದ ನನ್ನ ಕೇಳಿಕೆ ಇಷ್ಟು. ಅಲೆಯನ್ನು ತೂಗುಹಾಕಿ, ಬೇಡವೆನ್ನುವುದಿಲ್ಲ. ಅದರ ಪಕ್ಕದಲ್ಲಿ ಎಜಿರಿಯ ಗಾಳಿಗೂ ಒಂದು ಮೊಳೆ ಹೊಡೆಯಿರಿ. ಮಕ್ಕಳಿಗೆ ಕುನಿಯೋಶಿಯ ಬೆಕ್ಕುಗಳನ್ನು ತೋರಿಸಿ, ಬೇಡಿಯ ಕತೆಯನ್ನೂ ಹೇಳಿ. ಇನ್ನು ಮುಂದೆ ಯಾರಾದರೂ ಈ ಚಿತ್ರಗಳ ಮುಂದೆ ನಿಂತು ಶಾಂತಿ, ಮೌನ ಎಂದು ಶುರುಮಾಡಿದರೆ, ಕಕ್ಕಸಿನಲ್ಲಿ ಕೂತ ಆ ಸಾಮುರಾಯ್ ಎಲ್ಲಿ ಎಂದು ಕೇಳಿ. ಅವರು ಸಿಟ್ಟಾದರೆ ಆಗಲಿ. ನೀವು ನಗುವಾಗ ಸೆರಗನ್ನು ಅದರ ಜಾಗದಲ್ಲೇ ಇರಲು ಬಿಡಿ.